ಸದರಿ ಕರಡಿಯ ಕುರಿತು

ಗ್ರಾಂ ಸಾಹೇಬರಿಗೆ ಮೋಸ ಮಾಡುವಂಥವನು ಇನ್ನೂ ಹುಟ್ಟಿಲ್ಲ ಎಂದು ಮಾರುಕಟ್ಟೆಯ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಪರೀಕ್ಷಕರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಬಗಲಲ್ಲಿ ಒಂದು ಚರ್ಮದ ಚೀಲ, ಅದರೊಳಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ತೂಕಗಳು. ಅವರು ಬೀದಿಯ ತಿರುವಿನಲ್ಲಿ ತಲೆ ಹಾಕಿದರೆ ಸಾಕು, ತಕ್ಕಡಿಯ ತಟ್ಟೆಗಳ ಅಡಿಯಲ್ಲಿ ಅಂಟಿಕೊಂಡಿದ್ದ ಮೇಣದ ಉಂಡೆಗಳು ತಾವಾಗಿಯೇ ಉದುರಿಬೀಳುತ್ತಿದ್ದವಂತೆ. ನೂರು ಗ್ರಾಂನಲ್ಲಿ ಒಂದು ಗ್ರಾಂ ಕಡಿಮೆಯಾದರೂ ಅಂಗೈಯಲ್ಲೇ ಹೇಳುತ್ತಿದ್ದರು. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಇಂಥವರಿಗೆ ಐವತ್ತಮೂರನೆಯ ವಯಸ್ಸಿನಲ್ಲಿ, ಮಂಡಿ ನೋವು ಶುರುವಾದ ಮೇಲೆ, ತುರ್ತಾಗಿ ಒಂದು ತಗಡಿನ ಕರಡಿ ಬೇಕಾಯಿತು.

ಕಾರಣ ಅವರ ಅಕ್ಕ. ಅಕ್ಕ ದೊಡ್ಡ ಆಸ್ಪತ್ರೆಯೊಂದರಲ್ಲಿ ಮುಖ್ಯ ದಾದಿಯಾಗಿದ್ದು ನಿವೃತ್ತಿಯಾದವರು. ಅವರು ವಾರ್ಡಿಗೆ ಬಂದರೆ ರೋಗಿಗಳಿರಲಿ, ಡಾಕ್ಟರುಗಳೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಆ ಅಕ್ಕ ಫೋನು ಮಾಡಿ, "ಈ ತಿಂಗಳ ಕೊನೇಲಿ ಬರ್ತಿದೀನಿ ಕಣೋ. ಅಪ್ಪ ತಂದಿದ್ದ ಆ ಡೋಲಿನ ಗೊಂಬೆ ತೆಗೆದಿಡು. ನೋಡ್ಬೇಕು" ಎಂದರು.

"ಆಯ್ತಕ್ಕ," ಎಂದರು ಗ್ರಾಂ ಸಾಹೇಬರು. ಫೋನು ಇಟ್ಟರು.

ಆ ಗೊಂಬೆ ಅವರ ಬಳಿ ಇರಲಿಲ್ಲ. ನಲವತ್ತೆರಡು ವರ್ಷಗಳಿಂದ ಇರಲಿಲ್ಲ. ಅಕ್ಕ ದಾದಿಯ ತರಬೇತಿಗೆಂದು ಊರು ಬಿಟ್ಟ ವಾರವೇ, ಹನ್ನೊಂದು ವರ್ಷದ ಗ್ರಾಂ ಸಾಹೇಬರು ಅದನ್ನು ಎದುರುಮನೆಗೆ ಕೊಟ್ಟು, ಬದಲಿಗೆ ಅವರ ಹೊಸ ಸೈಕಲ್ಲಿನಲ್ಲಿ ಮೂರು ಸುತ್ತು ಹೊಡೆದಿದ್ದರು. ಮೂರನೆಯ ಸುತ್ತಿನಲ್ಲಿ ಚರಂಡಿಗೆ ಬಿದ್ದಿದ್ದರು. ಮುಂದಿನ ವರ್ಷ ಅಪ್ಪ ತೀರಿಕೊಂಡರು. ಎದುರುಮನೆಯವರು ಎಲ್ಲಿಗೋ ಹೋದರು. ಅಕ್ಕ ಪತ್ರದಲ್ಲಿ ಕೇಳಿದರು: ಗೊಂಬೆ ಜೋಪಾನವಾಗಿದೆಯಾ? ಇದೆ ಅಕ್ಕ ಎಂದು ಇವರು ಬರೆದರು. ಅಂದಿನಿಂದ ಅದೇ ಪ್ರಶ್ನೆ, ಅದೇ ಉತ್ತರ. ಸುಳ್ಳಿಗೂ ವಯಸ್ಸಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಮೊದಲು ಬರೀ "ಇದೆ" ಅಂದದ್ದು, ಆಮೇಲೆ "ಬಟ್ಟೆ ಸುತ್ತಿಟ್ಟಿದೀನಿ" ಆಯಿತು, "ಹೋದ ತಿಂಗಳು ಎಣ್ಣೆ ಹಾಕಿದೆ" ಆಯಿತು, ಒಂದು ಸಲವಂತೂ "ನಿನ್ನ ಸೊಸೆ ಒರೆಸ್ತಾ ಇರ್ತಾಳೆ" ಎಂದು, ತಮಗಿಲ್ಲದ ಮಗನಿಗೆ ಮದುವೆಯನ್ನೂ ಮಾಡಿಸುವ ಮಟ್ಟಕ್ಕೆ ಹೋಗಿ, ಕೆಮ್ಮು ಬಂದವರಂತೆ ಮಾಡಿ ತಪ್ಪಿಸಿಕೊಂಡಿದ್ದರು.

ಮೂರು ಸಂಜೆ ಮೊಬೈಲಿನಲ್ಲಿ ಹುಡುಕಿದ ಮೇಲೆ, ಹಳೆಯ ಆಟಿಕೆಗಳನ್ನು ಮಾರುವ ಒಬ್ಬ ವ್ಯಾಪಾರಿ ಸಿಕ್ಕಿದ. ಅವನು ಅಲ್ಲಿ ಇಟ್ಟುಕೊಂಡಿದ್ದ ಹೆಸರು 'ಬಾಲ್ಯಬಂಧು'. ಚಿತ್ರದಲ್ಲಿ ಗೇಣುದ್ದದ ತಗಡಿನ ಕರಡಿ, ಕೆಂಪು ಚಡ್ಡಿ, ಹೊಟ್ಟೆಯ ಮೇಲೆ ಡೋಲು, ಬೆನ್ನಲ್ಲಿ ಕೀಲಿ. ಗ್ರಾಂ ಸಾಹೇಬರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಇದೇ, ಇದೇ!

ಬಾಲ್ಯಬಂಧು ಮಾತಿನಲ್ಲಿ ಬೆಣ್ಣೆ. ಮೊದಲ ಸಂದೇಶದಲ್ಲೇ "ಅಣ್ಣ" ಎಂದ. "ಇದನ್ನ ಯಾರಿಗೆ ಬೇಕಾದ್ರೂ ಕೊಡೋನಲ್ಲ ಅಣ್ಣ. ಒಳ್ಳೆ ಮನೆ ಸೇರ್ಬೇಕು ಅಂತ ಕಾಯ್ತಿದ್ದೆ" ಎಂದ. ತರಕಾರಿಯವಳು ಇಷ್ಟು ಸಿಹಿಯಾಗಿ ಮಾತಾಡಿದ್ದರೆ ಗ್ರಾಂ ಸಾಹೇಬರು ಕೂಡಲೇ ಅವಳ ತಕ್ಕಡಿಯನ್ನು ಬುಡಮೇಲು ಮಾಡಿ ನೋಡುತ್ತಿದ್ದರು. ಆದರೆ ಮೊಬೈಲಿಗೆ ತಟ್ಟೆಯೂ ಇಲ್ಲ, ಅಡಿಯೂ ಇಲ್ಲ. ಹಣ ಕಳಿಸಿಬಿಟ್ಟರು.

ಆರನೆಯ ದಿನ ಪುಟ್ಟ ಪೊಟ್ಟಣ ಬಂತು. ಅದನ್ನು ಕೈಗೆತ್ತಿಕೊಂಡ ಕೂಡಲೇ ಅವರಿಗೆ ತಿಳಿಯಿತು. ಹನ್ನೊಂದು ಗ್ರಾಂ. ಬಿಚ್ಚಿದರೆ ಒಳಗೆ ಒಂದು ಕೀಲಿ. ಬರೀ ಕೀಲಿ.

"ಕೀಲಿ ಬಂತಾ ಅಣ್ಣ? ಸಂತೋಷ," ಎಂದ ಬಾಲ್ಯಬಂಧು. "ಕರಡಿ ಹಿಂದೇನೇ ಬರುತ್ತೆ. ಸ್ವಲ್ಪ ಹುಷಾರಿರಲಿಲ್ಲ, ಡಾಕ್ಟರ್ ಹತ್ರ ಬಿಟ್ಟಿದೀನಿ." ಡಾಕ್ಟರ್ ಎಂದರೆ ಆಟಿಕೆ ರಿಪೇರಿಯವನು ಎಂದು ಗ್ರಾಂ ಸಾಹೇಬರು ಅರ್ಥಮಾಡಿಕೊಂಡರು. ಅಲ್ಲಿಂದ ದಿನಕ್ಕೊಂದು ಸುದ್ದಿ. ಎರಡು ಹಲ್ಲು ಮುರಿದಿತ್ತು, ಹೊಸದು ಹಾಕಿಸಿದೆ. ಮೈ ಅಲ್ಲಲ್ಲಿ ಕಿತ್ತುಹೋಗಿದೆ, ಬಣ್ಣ ಹೊಡೆಸ್ತೀನಿ. ಇವತ್ತು ಒಂದು ನಿಮಿಷ ಡೋಲು ಬಾರಿಸ್ತು ಅಣ್ಣ, ಆಮೇಲೆ ಸುಸ್ತಾಗಿ ನಿಂತುಬಿಡ್ತು. ಪೆಟ್ಟಿಗೇಲಿ ಗಾಳಿ ಆಡದ ಹಾಗೆ ಸುತ್ತಿ ಕಳಿಸ್ತೀನಿ, ಚಿಂತೆ ಮಾಡ್ಬೇಡಿ. ಡಾಕ್ಟರ್ ಖರ್ಚಿಗೆ ಅಂತ ಸ್ವಲ್ಪ ಕಳಿಸ್ತೀರಾ?

ಅದನ್ನೂ ಕಳಿಸಿದರು. ಸಂದೇಶಗಳ ಪಕ್ಕ ಎರಡು ಗೀಟು ಬೀಳುತ್ತಿದ್ದದ್ದು ಮರುದಿನದಿಂದ ಒಂದಕ್ಕೆ ನಿಂತಿತು. ಬಾಲ್ಯಬಂಧು ಬಾಲ್ಯದಂತೆಯೇ ಮಾಯವಾದ.

ಅಕ್ಕ ಬರಲು ಒಂಬತ್ತು ದಿನ ಉಳಿದಿತ್ತು. ಹೆಂಡತಿಗೆ ಹೇಳುವಂತಿರಲಿಲ್ಲ. ಆಕೆ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಯಾವ ಕಥೆ ಎಲ್ಲಿ ಕಿತ್ತುಹೋಗಿದೆ ಎಂದು ಮುಟ್ಟಿದರೆ ತಿಳಿಯುತ್ತದೆ. ಉಳಿದಿದ್ದ ದಾರಿ ಒಂದೇ, ಪೊಲೀಸ್ ಠಾಣೆ.

ಇಲ್ಲಿ ಗ್ರಾಂ ಸಾಹೇಬರು ಮಾಡಿದ ತಪ್ಪನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ದೂರಿನಲ್ಲಿ 'ಆಟಿಕೆ' ಎಂಬ ಪದವನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದರು. ಐವತ್ತು ದಾಟಿದ ಸರ್ಕಾರಿ ಪರೀಕ್ಷಕ ಆಟಿಕೆಗಾಗಿ ಅಳುತ್ತ ಬಂದ ಎಂದು ಠಾಣೆಯಲ್ಲಿ ನಕ್ಕರೆ, ಆ ನಗು ಸಂಜೆಯೊಳಗೆ ಮಾರುಕಟ್ಟೆ ತಲುಪುತ್ತದೆ. ಆಮೇಲೆ ಅವರ ಮುದ್ರೆಗೆ ಯಾವ ಮರ್ಯಾದೆ? ಹಾಗಾಗಿ ಇಲಾಖೆಯ ಗಂಭೀರ ಭಾಷೆಯಲ್ಲಿ ಹೊಸದಾಗಿ ಬರೆದರು. 'ಒಂದು ಕರಡಿಯನ್ನು, ಡೋಲು ಸಮೇತ, ಮಾರುವುದಾಗಿ ನಂಬಿಸಿ, ಸದರಿ ಕರಡಿಯ ಬದಲು ಸದರಿ ಕರಡಿಯ ಕೀಲಿಯನ್ನು ಮಾತ್ರ ಕಳುಹಿಸಿ, ಸದರಿ ಕರಡಿಯು ಚಿಕಿತ್ಸೆಯಲ್ಲಿದೆ ಎಂದು ಹೇಳಿ ತಲೆಮರೆಸಿಕೊಂಡಿರುತ್ತಾನೆ.'

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಬರಹಗಾರನಿಗೆ ನೆಗಡಿಯಾಗಿತ್ತು. ಅವನು ಕಾಗದ ನೋಡದೆಯೇ ಎಡಗಡೆ ಕೈ ತೋರಿಸಿದ. "ಆನ್‌ಲೈನ್ ಮೋಸನಾ? ಆ ಕಿಟಕಿ. ಇವತ್ತಿಂದು ಇನ್ನೂರ ಹನ್ನೊಂದನೇ ನಂಬರ್ ಆಗಿದೆ. ಅರ್ಜಿ ಹಾಕಿ ಮನೆಗೆ ಹೋಗಿ ಮರೆತುಬಿಡಿ."

"ಮರೆಯೋ ಹಾಗಿಲ್ಲಪ್ಪ. ಸ್ವಲ್ಪ ಓದು," ಎಂದರು ಗ್ರಾಂ ಸಾಹೇಬರು, ತಗ್ಗಿದ ದನಿಯಲ್ಲಿ. ತಗ್ಗಿದ ದನಿ ಏಕೆಂದರೆ, ಹಿಂದಿನ ಬೆಂಚಿನಲ್ಲಿ ಕಳೆದ ತಿಂಗಳಷ್ಟೇ ಅವರಿಂದ ದಂಡ ಹಾಕಿಸಿಕೊಂಡ ದಿನಸಿ ಅಂಗಡಿಯವನು ಕಿವಿ ನೆಟ್ಟಗೆ ಮಾಡಿಕೊಂಡು ಕುಳಿತಿದ್ದ.

ಬರಹಗಾರ ಓದಿದ. ಒಂದು ಸಲ ಸೀನಿದ. ಮತ್ತೆ ಓದಿದ. ಕೀಲಿ ಎಂದಿದ್ದಲ್ಲಿ ಅವನ ಮನಸ್ಸು ತಾನಾಗಿಯೇ 'ಬೋನಿನ' ಎಂದು ಸೇರಿಸಿಕೊಂಡಿತು. ಎದ್ದು ಹೋಗಿ ದಪ್ಪನೆಯ ಬೇರೆಯೇ ಪುಸ್ತಕ ತಂದ.

"ಗಂಡೋ ಹೆಣ್ಣೋ?"

ಗ್ರಾಂ ಸಾಹೇಬರಿಗೆ ಆಶ್ಚರ್ಯವಾಗಲಿಲ್ಲ. ಸರ್ಕಾರಿ ನಮೂನೆಗಳಲ್ಲಿ ಏನನ್ನು ಬೇಕಾದರೂ ಕೇಳಿರುತ್ತಾರೆಂದು ಅವರಿಗೆ ಗೊತ್ತಿತ್ತು. ಅವರದೇ ಇಲಾಖೆಯ ಒಂದು ನಮೂನೆಯಲ್ಲಿ ತಕ್ಕಡಿಯ ತಂದೆಯ ಹೆಸರು ಬರೆಯಲು ಜಾಗವಿದೆ.

"ಗೊತ್ತಿಲ್ಲಪ್ಪ. ಚಡ್ಡಿ ಹಾಕಿದೆ."

"ಚಡ್ಡಿ..." ಬರಹಗಾರ ಬರೆದುಕೊಂಡ. ಅವನ ದನಿ ಸ್ವಲ್ಪ ಒದ್ದೆಯಾಗಿತ್ತು, ನೆಗಡಿಯಿಂದಲೇ ಇರಬೇಕು. "ಎಷ್ಟು ದೊಡ್ಡದು?"

"ಚಿಕ್ಕದೇ."

"ಮರಿ. ವಯಸ್ಸು?"

"ನಲವತ್ತರ ಮೇಲಾಯ್ತು."

ಬರಹಗಾರ ಪೆನ್ನು ಕೆಳಗಿಟ್ಟ. "ನಲವತ್ತು ವರ್ಷ ಆದ್ರೂ ಬೆಳೆದಿಲ್ವಾ ಸಾರ್? ಏನ್ ತಿನ್ನಿಸಿಟ್ಟಿದ್ರೋ ಪಾಪಿಗಳು!"

ದಿನಸಿ ಅಂಗಡಿಯವನು ಬೆಂಚಿನಿಂದ ಅರ್ಧ ಎದ್ದಿದ್ದ. ಗ್ರಾಂ ಸಾಹೇಬರು ಬೇರೇನನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಾಲ್ಯಬಂಧುವಿನ ಸಂದೇಶಗಳ ಪ್ರತಿಯನ್ನು ಜೊತೆಗಿಟ್ಟು, ತೋರಿಸಿದಲ್ಲೆಲ್ಲ ಸಹಿ ಹಾಕಿ, ಮುಖ ಮುಚ್ಚಿಕೊಂಡವರಂತೆ ಹೊರಬಿದ್ದರು.

ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಲೋಕವಿದು. ಇಲ್ಲಂತೂ ಮೊದಲೇ ಕರಡಿ. ಕಡತ ಮಧ್ಯಾಹ್ನದೊಳಗೆ ವನ್ಯಜೀವಿ ಇಲಾಖೆಗೆ ಹೋಯಿತು. ಅಲ್ಲಿನ ಅಧಿಕಾರಿಣಿ ಬಹಳ ನಿಷ್ಠೆಯ ಹೆಂಗಸು. ಎಂಟು ವರ್ಷ ಕೆಲಸ ಮಾಡಿದರೂ ಗಿಳಿ ಮತ್ತು ಆಮೆಗಿಂತ ದೊಡ್ಡ ಪ್ರಕರಣ ಆಕೆಯ ಮೇಜಿಗೆ ಬಂದಿರಲಿಲ್ಲ. ಆಕೆ ಸಂದೇಶಗಳನ್ನು ಸಿಬ್ಬಂದಿಗೆ ಗಟ್ಟಿಯಾಗಿ ಓದಿ ಹೇಳಿದಳು. "'ಎರಡು ಹಲ್ಲು ಮುರಿದಿತ್ತು.' ಕೇಳಿದ್ರಾ? 'ಮೈ ಅಲ್ಲಲ್ಲಿ ಕಿತ್ತುಹೋಗಿದೆ, ಬಣ್ಣ ಹೊಡೆಸ್ತೀನಿ.' ಗಾಯ ಕಾಣಿಸ್ಬಾರದು ಅಂತ ಬಣ್ಣ! 'ಸುಸ್ತಾಗಿ ನಿಂತುಬಿಡ್ತು.' 'ಗಾಳಿ ಆಡದ ಹಾಗೆ ಸುತ್ತಿ...'" ಅಲ್ಲಿಗೆ ಆಕೆ ಕಾಗದ ಕೆಳಗಿಟ್ಟಳು. ಜವಾನ ನೀರು ತಂದುಕೊಟ್ಟ, ತಾನೂ ಕಣ್ಣೊರೆಸಿಕೊಂಡ.

ಮರುದಿನ ಹಸಿರು ಸಮವಸ್ತ್ರದ ಇಬ್ಬರು ಗ್ರಾಂ ಸಾಹೇಬರ ಐದು ಮಹಡಿಯ ಕಟ್ಟಡಕ್ಕೆ ಬಂದು, ಕೆಳಗೆ ಕಾವಲಿನವನನ್ನು ಕೇಳಿದರು. "ಡೋಲು ಬಾರಿಸೋ ಕರಡಿ ತಗೊಂಡಿರೋ ಮನೆ ಯಾವ್ದು?"

ಅಷ್ಟೇ ಕೇಳಿದ್ದು. ಉಳಿದದ್ದನ್ನು ಕಟ್ಟಡದವರು ಸೇರಿಸಿಕೊಂಡರು. ಕೆಳಮನೆಯ ಹೊಲಿಗೆಯವಳು ತನ್ನ ತಲೆಯ ಮೇಲೆ ಆರು ತಿಂಗಳಿಂದ ಧಡ್ ಧಡ್ ಸದ್ದು ಕೇಳುತ್ತಿದೆ ಎಂದಳು. ಅದು ಗ್ರಾಂ ಸಾಹೇಬರ ಹೆಂಡತಿ ರಟ್ಟು ಬಡಿಯುವ ಸದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕರಡಿಯೇ ಇರಬಹುದು ಎಂದಾಗ ಸದ್ದಿಗೆ ಒಂದು ಘನತೆ ಬಂತು. ನಿವಾಸಿಗಳ ಸಂಘದ ಕಾರ್ಯದರ್ಶಿ, ನಿವೃತ್ತ ಬೆರಳಚ್ಚುಗಾರರು, ನಿಯಮಾವಳಿ ತೆರೆದು ನೋಡಿದರು. ಕರಡಿ ಸಾಕಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ನ್ಯಾಯವಂತರಾದ ಅವರು ಸಂಜೆ ಲಿಫ್ಟಿನ ಪಕ್ಕ ಒಂದು ಸೂಚನೆ ಅಂಟಿಸಿದರು:

'ನಿವಾಸಿಗಳ ಗಮನಕ್ಕೆ. ನಾಲ್ಕು ಜನರಿಗಿಂತ ಹೆಚ್ಚು ತೂಕದ ಸಾಕುಪ್ರಾಣಿಗಳು ಮೆಟ್ಟಿಲು ಬಳಸತಕ್ಕದ್ದು. ವಾದ್ಯ ನುಡಿಸುವ ಪ್ರಾಣಿಗಳು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮೌನವಾಗಿರತಕ್ಕದ್ದು.'

ಹೆಂಡತಿ ಅದನ್ನು ಓದಿಕೊಂಡೇ ಮೇಲೆ ಬಂದಳು. ಗ್ರಾಂ ಸಾಹೇಬರು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದರು.

"ನಿಜ ಹೇಳಿ. ಎಲ್ಲಿಟ್ಟಿದೀರಿ?"

"ಏನನ್ನ?"

"ಕರಡಿನ."

ಗುಟ್ಟು ರಟ್ಟಾಯಿತೆಂದು ಗ್ರಾಂ ಸಾಹೇಬರಿಗೆ ಒಂದು ರೀತಿ ನಿರಾಳವೇ ಆಯಿತು. "ಇನ್ನೂ ಬಂದಿಲ್ಲ ಕಣೇ. ಬಂದ್ಮೇಲೆ ಕಪಾಟಿನ ಮೇಲಿಡೋಣ ಅಂತಿದ್ದೆ."

"ಕಪಾಟಿನ ಮೇಲೆ!"

"ನಿನಗೆ ಬೇಡ ಅಂದ್ರೆ ಮಂಚದ ಕೆಳಗೆ. ತಂಟೆ ಮಾಡೋದಲ್ಲ. ಕೀಲಿ ಕೊಡ್ದೆ ಇದ್ರೆ ಸದ್ದೇ ಮಾಡಲ್ಲ."

ಹೆಂಡತಿ ಬಾಗಿಲಿಗೆ ಒರಗಿ ನಿಂತಳು. "ಗೊರಕೆ ಹೊಡೆಯೋ ಒಂದು ಕರಡಿ ಮನೇಲಿದ್ದದ್ದು ಸಾಲ್ದು ಅಂತ ಇನ್ನೊಂದಾ?" ಎಂದವಳು ತಟ್ಟನೆ ನಿಲ್ಲಿಸಿದಳು. "ಕೀಲಿನಾ? ಯಾವ ಕೀಲಿ?"

ಅವರು ಜೇಬಿನಿಂದ ತೆಗೆದು ಕೊಟ್ಟರು. ಹನ್ನೊಂದು ಗ್ರಾಂ. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲವನ್ನೂ ಬಾಯಿ ಬಿಡಿಸಿದಳು. ಸೈಕಲ್ಲು, ಚರಂಡಿ, ನಲವತ್ತೆರಡು ವರ್ಷ, ಬಾಲ್ಯಬಂಧು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗ್ರಾಂ ಸಾಹೇಬರು ವಿಚಾರಿಸಲು ಹೋಗಲಿಲ್ಲ. ಅವರಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ.

"ನಾಳೇನೇ ಹೋಗಿ ಅದು ಆಟಿಕೆ ಅಂತ ಹೇಳಿಬನ್ನಿ," ಎಂದಳು ಕೊನೆಗೆ. "ಅಕ್ಕಂಗೂ ಹೇಳ್ಬಿಡಿ."

"ಠಾಣೇಲಿ ಹೇಳ್ತೀನಿ," ಎಂದರು ಅವರು. ಬಿಸಿನೀರಿನ ಚೀಲವನ್ನು ಇನ್ನೊಂದು ಮಂಡಿಗೆ ಬದಲಾಯಿಸಿದರು.

ಮರುದಿನ ಹೋಗಿ ಹೇಳಿದರು. "ನೋಡಪ್ಪ, ಅದು ನಿಜವಾದ ಕರಡಿ ಅಲ್ಲ. ತಗಡಿಂದು. ದೂರು ವಾಪಸ್ ಕೊಟ್ಬಿಡು."

ನೆಗಡಿಯ ಬರಹಗಾರ ಆಚೀಚೆ ನೋಡಿ ಮುಂದೆ ಬಾಗಿದ. "ಯಾರು ಹೆದರಿಸಿದ್ರು ಸಾರ್?"

"ಯಾರೂ ಇಲ್ಲ."

"ಮೊನ್ನೆ ಕರಡಿ ಅಂದ್ರಿ. ಇವತ್ತು ತಗಡು ಅಂತೀರಿ. ನಿಮ್ಮ ಕೈ ನಡುಗ್ತಾ ಇದೆ."

"ಅದು ಮಂಡಿ ನೋವಪ್ಪ."

"ಮಂಡಿ ನೋವಿಗೆ ಕೈ ನಡುಗುತ್ತಾ? ಈ ಪ್ರಾಣಿ ಮಾರೋ ಜಾಲದವ್ರು ಬಲು ಕೆಟ್ಟವ್ರು, ನಮಗೂ ಗೊತ್ತು. ಅಂಜಬೇಡಿ. ಕಡತ ಈಗ ಮೇಲಕ್ಕೆ ಹೋಗಿದೆ, ವಾಪಸ್ ತರೋದು ನನ್ನಪ್ಪನ ಕೈಲೂ ಆಗಲ್ಲ. ಆದ್ರೆ ನಿಮಗೆ ಏನೂ ಆಗ್ದ ಹಾಗೆ ನಾವು ನೋಡ್ಕೋತೀವಿ."

ಸಂಜೆಯಿಂದ ಗ್ರಾಂ ಸಾಹೇಬರ ಬಾಗಿಲಲ್ಲಿ ಒಬ್ಬ ಪೇದೆ ಕುಳಿತ. ಅವರು ಆಫೀಸಿಗೆ ಹೋದರೆ ಹಿಂದೆ ಹೋದ, ಮಾರುಕಟ್ಟೆಗೆ ಹೋದರೆ ಮುಂದೆ ಹೋದ. ವ್ಯಾಪಾರಿಗಳು ತಕ್ಕಡಿಯ ಮೇಲಿಂದ ಕೈ ತೆಗೆದು ಎದ್ದು ನಿಂತರು. ಆ ವಾರ ಇಡೀ ಬೀದಿಯಲ್ಲಿ ಕೊಳ್ಳುವವರಿಗೆ ನೂರಕ್ಕೆ ನೂರೈದು ಗ್ರಾಂ ಸಿಕ್ಕಿತೆಂದು ವರದಿ. ಸಾಹೇಬರಿಗೆ ಮಾತ್ರ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಅವರು ಎಲ್ಲರಿಗೂ ಒಂದೇ ಮಾತು ಹೇಳಿ ಸೋತಿದ್ದರು. "ಅದು ಕರಡಿ ಅಲ್ಲ ಕಣ್ರಯ್ಯಾ." ಹಾಗೆಂದಷ್ಟೂ ಜನ ತಲೆಯಾಡಿಸಿ, "ಹೌದು ಸಾಹೇಬ್ರೇ, ಹಾಗೇ ಹೇಳ್ಬೇಕು ನೀವು" ಎಂದು ಕಣ್ಣು ಮಿಟುಕಿಸುತ್ತಿದ್ದರು.

ಅಕ್ಕ ಬಂದರು. ಕೈಯಲ್ಲಿ ಒಂದೇ ಒಂದು ಪೆಟ್ಟಿಗೆ, ಇಸ್ತ್ರಿ ಮುರಿಯದ ಸೀರೆ. ಬಾಗಿಲಲ್ಲಿ ಪೇದೆ ತಡೆದು, "ಯಾರ್ ನೀವು? ಪೆಟ್ಟಿಗೇಲಿ ಏನಿದೆ?" ಎಂದ.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಉಗುರು ತೋರಿಸು," ಎಂದರು. ಅವನು ತೋರಿಸಿದ. "ಹೋಗಿ ಕತ್ತರಿಸ್ಕೊಂಡು ಬಾ." ಅವನು ಹೋದ.

ಒಳಗೆ ಬಂದು ಕಾಫಿ ಲೋಟ ಹಿಡಿದು ಅಕ್ಕ ಕೇಳಿದ ಮೊದಲ ಮಾತು, "ಎಲ್ಲೋ ಗೊಂಬೆ?"

ಗ್ರಾಂ ಸಾಹೇಬರು ಹೆಂಡತಿಯ ಮುಖ ನೋಡಿದರು. ಹೆಂಡತಿ ಹೇಳಿಬಿಡಿ ಎಂದು ಕಣ್ಣಲ್ಲೇ ತಿವಿದಳು. ಅವರು ಬಾಯಿ ತೆರೆದರು. ಅಷ್ಟರಲ್ಲಿ ಫೋನು ರಿಂಗಾಯಿತು. ಅವರು ಜೀವಮಾನದಲ್ಲಿ ಇಷ್ಟು ಆತುರವಾಗಿ ಫೋನು ಎತ್ತಿಕೊಂಡದ್ದಿಲ್ಲ.

"ಸಾರ್, ಸಿಕ್ಕಿಬಿದ್ದ!" ಎಂದ ಬರಹಗಾರ. "ಬೇಗ ಬನ್ನಿ. ಕರಡಿ ಎಲ್ಲಿದೆ ಅಂತ ಇನ್ನೂ ಬಾಯಿ ಬಿಟ್ಟಿಲ್ಲ."

"ಯಾರು ಸಿಕ್ಕಿದ್ದು? ಯಾವ ಕರಡಿ?" ಎಂದು ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡರು. ನೀನು ಬರಬೇಡ ಎಂದು ಅಕ್ಕನಿಗೆ ಹೇಳಿದವರು ಆ ಮನೆತನದಲ್ಲಿ ಯಾರೂ ಬದುಕಿ ಉಳಿದಿರಲಿಲ್ಲ.

ಇನ್ನೂರ ಹನ್ನೊಂದು ಜನ ಸಾಲಿನಲ್ಲಿ ನಿಂತು ಕೊಟ್ಟ ಮೋಸದ ದೂರುಗಳು ಆ ಕಿಟಕಿಯ ಹಿಂದೆ ಧೂಳು ತಿನ್ನುತ್ತಿದ್ದವು. ಆದರೆ ಕರಡಿಗಾಗಿ ಎರಡು ಇಲಾಖೆ, ಮೂರು ಜೀಪು, ಒಂದು ಬಲೆ ಹೊರಟು, ಒಂಬತ್ತೇ ದಿನಕ್ಕೆ ಬಾಲ್ಯಬಂಧುವನ್ನು ಹಿಡಿದು ತಂದಿದ್ದವು. ಠಾಣೆಯ ಅಂಗಳದಲ್ಲಿ ಒಂದು ದೊಡ್ಡ ಖಾಲಿ ಬೋನು ಕಾಯುತ್ತ ನಿಂತಿತ್ತು.

ಬಾಲ್ಯಬಂಧು ನಲವತ್ತರ ಆಚೀಚೆಯ ಬಡಕಲು ಮನುಷ್ಯ. ಅಂಗಿಯ ಮೇಲೆ ಬನಿಯನ್ ಹಾಕಿಕೊಂಡು ಬಂದಿದ್ದ, ಅಷ್ಟು ಆತುರದಲ್ಲಿ ಎಬ್ಬಿಸಿದ್ದರು. ಅಧಿಕಾರಿಣಿ ಮೇಜಿನ ಮೇಲೆ ಒಂದು ಚೀಲ ಸುರಿದಳು. ಖಣಖಣ ಎಂದು ಕೀಲಿಗಳು ಬಿದ್ದವು.

"ಇದೇ ಕರಡಿನ ಹದಿನಾಲ್ಕು ಜನಕ್ಕೆ ಮಾರಿದೀಯ. ಹದಿನಾಲ್ಕೂ ಕರಡಿ ಎಲ್ಲಿ? ಎಲ್ಲಿ ಕಟ್ಟಿಹಾಕಿದೀಯ? ಏಳು ವರ್ಷ ಒಳಗೆ ಹೋಗ್ತೀಯ, ನೆನಪಿರ್ಲಿ!"

"ಕರಡಿನೇ ಇಲ್ಲ ಮೇಡಂ! ಅದು ಬರೀ ಚಿತ್ರ! ಮೂಟೆಗಟ್ಟಲೆ ಹಳೇ ಕೀಲಿ ಸಿಕ್ಕಿತ್ತು, ಒಂದೊಂದೇ ಕಳಿಸ್ತಿದ್ದೆ. ನಾನು ಮೋಸಗಾರ ಮೇಡಂ, ಬರೀ ಮೋಸಗಾರ! ದಯವಿಟ್ಟು ನಂಬಿ!"

"ಡಾಕ್ಟರ್ ಹೆಸರು ಹೇಳು."

"ಡಾಕ್ಟರೂ ಇಲ್ಲ!"

"ಚಿಕಿತ್ಸೇನೂ ಕೊಡಿಸಿಲ್ಲ," ಎಂದು ಅಧಿಕಾರಿಣಿ ನಡುಗುವ ದನಿಯಲ್ಲಿ ಹೇಳಿದಳು. ಬರಹಗಾರ ಬರೆದುಕೊಂಡ.

ಆಗ ಬಾಲ್ಯಬಂಧು ಬಾಗಿಲಲ್ಲಿದ್ದ ಗ್ರಾಂ ಸಾಹೇಬರನ್ನು ಕಂಡ. ಮೊಬೈಲಿನಲ್ಲಿ ಅವರ ಸಂದೇಶಗಳ ಜೊತೆಗಿದ್ದ ಪುಟ್ಟ ಚಿತ್ರದಲ್ಲಿ ನೋಡಿದ್ದ ಮುಖ. ಕುರ್ಚಿಯಿಂದ ಜಾರಿ ನೆಲಕ್ಕೆ ಬಂದ. "ಅಣ್ಣಾ! ನೀವಾದ್ರೂ ಹೇಳಿ ಅಣ್ಣಾ! ಅದು ಆಟಿಕೆ ಅಂತ ಹೇಳಿ!"

ಎಲ್ಲರೂ ತಿರುಗಿ ನೋಡಿದರು. ಅಕ್ಕನೂ ನೋಡಿದರು.

ಗ್ರಾಂ ಸಾಹೇಬರು ಸುಮ್ಮನಿದ್ದುಬಿಡಬಹುದಿತ್ತು. ಮೋಸಗಾರ ಒಳಗೆ ಹೋಗುತ್ತಿದ್ದ, ಕಡತ ತನ್ನ ಪಾಡಿಗೆ ನಡೆಯುತ್ತಿತ್ತು, ಗೊಂಬೆ ಕಳ್ಳರ ಪಾಲಾಯಿತೆಂದು ಅಕ್ಕನಿಗೆ ಹೇಳಿದರೆ ನಲವತ್ತೆರಡು ವರ್ಷದ ಸುಳ್ಳು ಗೌರವದಿಂದ ತೀರಿಕೊಳ್ಳುತ್ತಿತ್ತು. ಅವರು ಅದನ್ನೂ ಯೋಚಿಸಿದರು. ನಾಲ್ಕೈದು ಉಸಿರಿನಷ್ಟು ಹೊತ್ತು ಯೋಚಿಸಿದರು. ನೆಲದ ಮೇಲಿದ್ದವನ ಬನಿಯನ್ನಿನಲ್ಲಿ ಎರಡು ತೂತುಗಳಿದ್ದವು.

"ಅದು ಆಟಿಕೆ," ಎಂದರು. "ಆಟಿಕೆ ಅಂತ ಬರೆಯೋಕೆ ನನಗೆ ನಾಚಿಕೆಯಾಯ್ತು. ಅಕ್ಕಂಗೆ ತೋರ್ಸೋಕೆ ಅಂತ ಕೊಂಡಿದ್ದು. ನಮ್ಮದು ಇಲ್ಲ ಅಕ್ಕ. ನೀನು ಹಾಸ್ಟೆಲ್ಲಿಗೆ ಹೋದ ವಾರಾನೇ ಎದುರುಮನೆಗೆ ಕೊಟ್ಬಿಟ್ಟೆ. ಸೈಕಲ್ಲಿಗೆ. ಮೂರು ಸುತ್ತಿಗೆ."

ಬರಹಗಾರ ಸೀನನ್ನೂ ತಡೆದುಕೊಂಡ.

ಅಕ್ಕ ನಿಧಾನವಾಗಿ ಮೇಜಿನ ಹತ್ತಿರ ಬಂದು, ಅಲ್ಲಿದ್ದ ಕರಡಿಯ ಚಿತ್ರ ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಏನೋ ಇದು?"

"ನಮ್ಮ ಗೊಂಬೆ. ಅಂಥದ್ದೇ."

"ಇದು ಕರಡಿ."

"ಹೌದು."

"ನಮ್ಮದು ಮೊಲ ಅಲ್ವೇನೋ?"

ಗ್ರಾಂ ಸಾಹೇಬರು ಕಣ್ಣು ಕಣ್ಣು ಬಿಟ್ಟರು. "ಏನಕ್ಕ ನೀನು! ಕರಡಿ!"

"ಮೊಲ ಕಣೋ. ಉದ್ದ ಕಿವಿ. ಒಂದು ಕಿವಿ ಬಗ್ಗಿತ್ತು."

"ಕರಡಿ ಅಕ್ಕ! ಕೆಂಪು ಚಡ್ಡಿ!"

"ನೀಲಿ ಚಡ್ಡಿ! ಶಿವಪೂಜೇಲಿ ಕರಡಿ ಬಿಟ್ಟ ಹಾಗೆ ಎಲ್ಲಿಂದ ತಂದ್ಯೋ ಇದನ್ನ? ಇಷ್ಟೆಲ್ಲ ರಾದ್ಧಾಂತ ಮಾಡಿದ್ದು ಕರಡಿಗಾ?"

"ಒಂದು ನಿಮಿಷ," ಎಂದಳು ಅಧಿಕಾರಿಣಿ, ಎಂಟು ವರ್ಷದಲ್ಲಿ ಸಿಕ್ಕ ಒಂದೇ ಕರಡಿ ಕೈಜಾರುತ್ತಿರುವುದನ್ನು ನೋಡುತ್ತ. "ಮೊಲ ಆದ್ರೆ ಬೇರೆ ನಮೂನೆ."

ಯಾರೂ ಆಕೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅರವತ್ತು ವರ್ಷದ ಅಕ್ಕ, ಐವತ್ತಮೂರರ ತಮ್ಮ, ಕರಡಿ ಮೊಲ ಕರಡಿ ಮೊಲ ಎಂದು ಮೇಜಿನ ಎರಡು ಕಡೆ ನಿಂತು ಕೂಗಾಡಿದರು. ಪೇದೆಗಳು ಎರಡು ಪಕ್ಷವಾದರು. ಬಾಲ್ಯಬಂಧು ನೆಲದ ಮೇಲಿಂದಲೇ, ಸಾಮಾನ್ಯವಾಗಿ ಮೊಲಗಳಿಗೆ ನೀಲಿ ಚಡ್ಡಿಯೇ ಬರುತ್ತಿತ್ತು ಎಂದು ತಜ್ಞನ ಅಭಿಪ್ರಾಯ ಕೊಟ್ಟ. "ನೀನು ಸುಮ್ನಿರು!" ಎಂದು ಇಬ್ಬರೂ ಒಟ್ಟಿಗೆ ಗದರಿದರು.

ಕೊನೆಗೆ ಅಕ್ಕ ಕುರ್ಚಿಯ ಮೇಲೆ ಕುಸಿದರು. ದನಿ ಇಳಿಯಿತು.

"ಕರಡಿನೋ ಮೊಲಾನೋ, ಅದನ್ನ ಕಟ್ಕೊಂಡು ನಾನೇನ್ ಮಾಡ್ಲೋ. ನಾನು ಕೇಳಿದ್ದು ಗೊಂಬೆಗಲ್ಲ." ಕೈಯಲ್ಲಿದ್ದ ಚಿತ್ರವನ್ನು ಮೇಜಿನ ಮೇಲೆ ಮಗುಚಿಟ್ಟರು. "ಈಚೆಗೆ ಅಪ್ಪನ ಮುಖ ನೆನಪಿಗೆ ಬರ್ತಿಲ್ಲ. ಫೋಟೋದಲ್ಲಿರೋದು ಬರುತ್ತೆ, ಅದು ಬೇರೆ. ಗೊಂಬೆ ನೋಡಿದ್ರೆ ಬರುತ್ತೇನೋ ಅಂತ ಆಸೆ."

ಗ್ರಾಂ ಸಾಹೇಬರು ಮೇಜಿನ ಮೇಲಿದ್ದ ಕೀಲಿಗಳಲ್ಲಿ ಒಂದನ್ನು ಎತ್ತಿಕೊಂಡರು. ಬಹುಶಃ ಯೋಚಿಸದೆಯೇ, ನೋಯುವ ಮಂಡಿಯನ್ನು ಮಡಿಸಿ, ಠಾಣೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಎಡಗೈಯಲ್ಲಿ ಇಲ್ಲದ ಗೊಂಬೆ ಹಿಡಿದರು. ಬಲಗೈಯಲ್ಲಿ ಕೀಲಿ ತಿರುಗಿಸತೊಡಗಿದರು.

"ಹೀಗೆ ಕೂರ್ತಿದ್ರು. ಒಂದು... ಎರಡು... ಹನ್ನೆರಡು ಸುತ್ತು. ಹದಿಮೂರಾದ್ರೆ ಸ್ಪ್ರಿಂಗ್ ಕಡಿಯುತ್ತೆ ಅಂತಿದ್ರು. ತಿರುಗಿಸೋವಾಗ ನಾಲಿಗೆ ಹೀಗೆ ಹೊರಗೆ." ಅವರು ತುಟಿಯ ಎಡಗಡೆ ನಾಲಿಗೆಯ ತುದಿ ಚಾಚಿದರು. "ಆಮೇಲೆ ನೆಲದ ಮೇಲಿಟ್ಟು, ಎರಡೂ ಕಿವಿ ಮುಚ್ಕೊಂಡು, ಅಯ್ಯಯ್ಯೋ ಕಿವುಡಾದೆ ಅಂತ ಹುಬ್ಬು ಮೇಲೆ ಮಾಡಿ..."

ಅಕ್ಕ ನೆಟ್ಟ ನೋಟದಿಂದ ನೋಡುತ್ತಿದ್ದರು.

"ಬಲಗಡೆ," ಎಂದರು.

"ಏನು?"

"ನಾಲಿಗೆ ಬಲಗಡೆ ಬರ್ತಿತ್ತು."

ಗ್ರಾಂ ಸಾಹೇಬರು ನಾಲಿಗೆಯನ್ನು ಬಲಗಡೆಗೆ ತಂದರು. ಹುಬ್ಬು ಏರಿಸಿದರು, ಕಿವಿ ಮುಚ್ಚಿದರು.

"ಹಾಂ," ಎಂದರು ಅಕ್ಕ. ಕುರ್ಚಿಯಿಂದ ಮುಂದೆ ಬಾಗಿ, "ಹಾಂ, ಬಂದ್ರು. ಹಾಗೇ ಇರು. ಅಲ್ಲಾಡ್ಬೇಡ."

ಅವರು ಅಲ್ಲಾಡಲಿಲ್ಲ. ಇಡೀ ಠಾಣೆ ಅಲ್ಲಾಡಲಿಲ್ಲ. ಅವರನ್ನು ನೆಲದಿಂದ ಎಬ್ಬಿಸಲು ಆಮೇಲೆ ಇಬ್ಬರು ಪೇದೆಗಳು ಬೇಕಾದರು.

ಬಾಲ್ಯಬಂಧುವನ್ನು ಎಡಗಡೆಯ ಕಿಟಕಿಗೆ ವರ್ಗಾಯಿಸಿದರು. ಬರೀ ಮೋಸಗಾರನೆಂದು ತೀರ್ಮಾನವಾದ ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂದಿತ್ತು. ಹೋಗುವ ಮುಂಚೆ ಅಕ್ಕನ ಕಡೆ ಬಾಗಿ, "ಅಕ್ಕ, ಮೊಲ ಬೇಕಾದ್ರೆ ಹೇಳಿ. ಒಂದು ಒಳ್ಳೇದು ನೋಡಿದೀನಿ," ಎಂದ. ಅಕ್ಕ ಉಗುರು ತೋರಿಸು ಎನ್ನುವಷ್ಟರಲ್ಲಿ ಪೇದೆ ಅವನನ್ನು ಎಳೆದುಕೊಂಡು ಹೋದ. ಅಧಿಕಾರಿಣಿ ಖಾಲಿ ಬೋನನ್ನು ಲಾರಿಗೆ ಹತ್ತಿಸಲು ಹೊರಗೆ ಹೋದಳು.

ಬರಹಗಾರನಿಗೆ ಮಾತ್ರ ಕೆಲಸ ಮುಗಿದಿರಲಿಲ್ಲ. ಸರ್ಕಾರಿ ಪುಸ್ತಕದಲ್ಲಿ ಒಮ್ಮೆ ದಾಖಲಾದ ಪ್ರಾಣಿಯನ್ನು ಏನಾದರೂ ಒಂದು ಬರೆಯದೆ ಮುಚ್ಚುವಂತಿಲ್ಲ. ಅವನು ಬಾಗಿಲ ಕಡೆಗೆ ನಡೆದುಹೋಗುತ್ತಿದ್ದ ಅಕ್ಕ ತಮ್ಮನನ್ನು ನೋಡಿದ. ತಮ್ಮ ಅಕ್ಕನ ಭುಜ ಹಿಡಿದು ಕುಂಟುತ್ತಿದ್ದರು. ಇಬ್ಬರೂ ಇನ್ನೂ ಜಗಳವಾಡುತ್ತಿದ್ದರು. ಅವನು ಒಮ್ಮೆ ಜೋರಾಗಿ ಸೀನಿ, ಮೂಗು ಒರೆಸಿಕೊಂಡು, 'ಪ್ರಾಣಿ' ಎಂಬ ಕಾಲಮ್ಮಿನ ಎದುರಿಗೆ ದುಂಡಗಿನ ಅಕ್ಷರದಲ್ಲಿ ಬರೆದ: 'ಕುಟುಂಬದಲ್ಲಿ ತಕರಾರಿದೆ.'